ಮೊದಲು ಪರದೆ, ಕೊನೆಗೆ ಪ್ರೊಸೆಸರ್: ಹೋಂ ಥಿಯೇಟರ್ ಕಂಪ್ಯೂಟರ್ ಕೊಳ್ಳಹೊರಟವರಿಗೆ ಒಂದು ಬಹಿರಂಗ ಪತ್ರ



ಟಿವಿಯ ಪಕ್ಕ ಒಂದು ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು, ಮನೆಯಲ್ಲಿ ಕೂಡಿಬಿದ್ದಿರುವ ಸಿನಿಮಾ, ಯಕ್ಷಗಾನದ ಡಿವಿಡಿ, ಮದುವೆಯ ವಿಡಿಯೊ, ಮೊಬೈಲಿನಲ್ಲಿ ತೆಗೆದ ಮಕ್ಕಳ ಆಟಪಾಟಗಳನ್ನೆಲ್ಲ ಸೋಫಾದ ಮೇಲೆ ಕೂತೇ ನೋಡಬೇಕು ಎಂದು ಲೆಕ್ಕ ಹಾಕುತ್ತಿರುವವರು ನೀವು. ಕೈಯಲ್ಲಿ ಇಪ್ಪತ್ತೈದೋ ಮೂವತ್ತೋ ಸಾವಿರ ಇದೆ, ಬೆಂಗಳೂರಿನ ಎಸ್.ಪಿ. ರಸ್ತೆಗೋ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಗೋ ಹೋಗುವ ದಿನ ಹತ್ತಿರ ಬಂದಿದೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ ‘ಪ್ರೊಸೆಸರ್ ಯಾವುದು ಹಾಕೋಣ ಸಾರ್?’ ಎಂಬುದೇ. ಮಾತು ಅಲ್ಲಿಂದ ಶುರುವಾಯಿತೆಂದರೆ ನಿಮ್ಮ ಬಜೆಟ್ಟಿನ ದೊಡ್ಡ ಪಾಲು ನಿಮಗೆ ಕೆಲಸಕ್ಕೆ ಬಾರದ ಕಡೆ ಹೋಗಿ ಸೇರುತ್ತದೆ ಎಂಬುದು ನನ್ನ ವಾದ. ಸಿನಿಮಾ ತೋರಿಸುವ ಕಂಪ್ಯೂಟರಿನ ಬಿಡಿಭಾಗಗಳನ್ನು ಟಿವಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು: ಮೊದಲು ಪರದೆ, ಆಮೇಲೆ ಅದಕ್ಕೆ ಚಿತ್ರ ಕಳಿಸುವ ಪೋರ್ಟು, ಆಮೇಲೆ ನೀವು ನೋಡುವ ಫೈಲುಗಳನ್ನು ಬಿಡಿಸುವ ಡಿಕೋಡರ್, ಎಲ್ಲ ಆದ ಮೇಲೆ ಪ್ರೊಸೆಸರಿನ ಹೆಸರು. ಈ ಕ್ರಮದಲ್ಲಿ ಹೋದರೆ ಪ್ರೊಸೆಸರಿಗೆ ತಗಲುವ ಹಣ ಇಳಿದು, ಸದ್ದು ಮಾಡದ ಕ್ಯಾಬಿನೆಟ್ಟಿಗೂ ದೊಡ್ಡ ಹಾರ್ಡ್‌ಡಿಸ್ಕಿಗೂ ಒಂದಿಷ್ಟು ಉಳಿಯುತ್ತದೆ.

ಇದಕ್ಕೆ ಕಾರಣ ವಿಡಿಯೊ ಓಡುವ ಬಗೆಯಲ್ಲೇ ಇದೆ. 4ಕೆ ಚಿತ್ರದ ಒಂದೊಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಸೆಕೆಂಡಿಗೆ 24 ಫ್ರೇಮ್, 10 ಬಿಟ್ ಬಣ್ಣ ಎಂದು ಗುಣಿಸಿದರೆ, ಬಣ್ಣದ ವಿವರವನ್ನು ಕಡಿತಗೊಳಿಸುವ ಸಿನಿಮಾ ಫೈಲುಗಳ ರೂಢಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಆಗುತ್ತದೆ. ಇಂಟರ್‌ನೆಟ್ಟಿನಲ್ಲಿ ಅದೇ ಚಿತ್ರ 15ರಿಂದ 25 ಮೆಗಾಬಿಟ್‌ನೊಳಗೆ ಬಂದುಬಿಡುತ್ತದೆ. ನೂರು ಪಟ್ಟಿಗೂ ಮಿಗಿಲಾಗಿ ಹಿಂಡಿರುವ ಈ ಮಾಹಿತಿಯನ್ನು ಕ್ಷಣಕ್ಷಣಕ್ಕೂ ಬಿಡಿಸುವ ಕೆಲಸವನ್ನು ಪ್ರೊಸೆಸರಿನ ಸಾಮಾನ್ಯ ಕೋರ್‌ಗಳಿಂದ ಮಾಡಿಸಬಹುದು. ಆದರೆ ಅವು ಏದುಸಿರು ಬಿಡುತ್ತವೆ, ಬಿಸಿಯಾಗುತ್ತವೆ, ಫ್ಯಾನು ಕೂಗುತ್ತದೆ. ಆದ್ದರಿಂದಲೇ ಚಿಪ್ ತಯಾರಕರು ಈ ಒಂದೇ ಕೆಲಸಕ್ಕೆಂದು ಪ್ರತ್ಯೇಕ ಸರ್ಕ್ಯೂಟನ್ನು ಗ್ರಾಫಿಕ್ಸ್ ಭಾಗದೊಳಗೆ ಕೂರಿಸುತ್ತಾರೆ. ಇಂಟೆಲ್ ತನ್ನ ಕ್ವಿಕ್ ಸಿಂಕ್ ಸರ್ಕ್ಯೂಟನ್ನು ತಂದದ್ದು 2011ರ ಸ್ಯಾಂಡಿ ಬ್ರಿಜ್ ಪೀಳಿಗೆಯಲ್ಲಿ. ಆ ಸರ್ಕ್ಯೂಟಿಗೆ ಗೊತ್ತಿರುವ ವಿಡಿಯೊ ರೂಪವಾದರೆ ಕೋರ್‌ಗಳು ಹೆಚ್ಚೂಕಡಿಮೆ ಸುಮ್ಮನೆ ಕೂತಿರುತ್ತವೆ. ಗೊತ್ತಿಲ್ಲದಿದ್ದರೆ ಆ ಹೊರೆಯೆಲ್ಲ ಕೋರ್‌ಗಳ ಮೇಲೇ ಬೀಳುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಗಿಗಾಹರ್ಟ್ಸ್’ ಎಂಬುದಲ್ಲ, ‘ಯಾವ ಯಾವ ಕೋಡೆಕ್ ಬಿಡಿಸುತ್ತದೆ’ ಎಂಬುದು. ಕೋಡೆಕ್ ಎಂದರೆ ವಿಡಿಯೊವನ್ನು ಹಿಂಡಿ ಬಿಡಿಸುವ ಪದ್ಧತಿ. ಪಟ್ಟಿ ಉದ್ದವೇನಿಲ್ಲ. ಡಿವಿಡಿಗಳಲ್ಲಿ ಇರುವುದು ಎಂಪೆಗ್-2. ಇದನ್ನು ಇಂದು ಯಾವ ಯಂತ್ರವೂ ಲೀಲಾಜಾಲವಾಗಿ ಓಡಿಸುತ್ತದೆ. 2003ರ ಎಚ್.264ಗೂ ಇದೇ ಮಾತು. 2013ರಲ್ಲಿ ಬಂದ ಎಚ್.265, ಅಂದರೆ ಎಚ್‌ಇವಿಸಿ, ನಿಜವಾದ ಗಡಿ: 4ಕೆ ಬ್ಲೂ-ರೇ ಡಿಸ್ಕುಗಳಲ್ಲೂ ಈಚಿನ ಅನೇಕ ಫೋನುಗಳ 4ಕೆ ವಿಡಿಯೊಗಳಲ್ಲೂ ಇದೇ ಇರುತ್ತದೆ. ಯೂಟ್ಯೂಬ್ 1080ಪಿವರೆಗೆ ಎಚ್.264 ಕೊಡುತ್ತದೆ, 4ಕೆ ಬೇಕೆಂದರೆ ವಿಪಿ9 ಅಥವಾ 2018ರಲ್ಲಿ ಸಿದ್ಧವಾದ ಎವಿ1 ಬೇಕು. ಇಂಟೆಲ್ ಚಿಪ್‌ಗಳಲ್ಲಿ 10 ಬಿಟ್ ಎಚ್‌ಇವಿಸಿಯನ್ನು ಪೂರ್ತಿಯಾಗಿ ಬಿಡಿಸುವ ಸರ್ಕ್ಯೂಟ್ ಏಳನೇ ಪೀಳಿಗೆಯಿಂದ ಇದೆ, ಎವಿ1 ಹನ್ನೊಂದನೇ ಪೀಳಿಗೆಯಿಂದ. ಈಗ ಎರಡು ಚಿಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2013ರ ಕೋರ್ ಐ7-4770 ತನ್ನ ಕಾಲದಲ್ಲಿ ದೊಡ್ಡ ಹೆಸರು, ಇಂದಿಗೂ ಸೆಕೆಂಡ್‌ಹ್ಯಾಂಡ್ ಯಂತ್ರಗಳಲ್ಲಿ ‘ಐ7’ ಎಂದು ಆಸೆ ಹುಟ್ಟಿಸುತ್ತದೆ. 10 ಬಿಟ್ ಎಚ್‌ಇವಿಸಿಗೆ ಅದರಲ್ಲಿ ಸರ್ಕ್ಯೂಟ್ ಇಲ್ಲ, ಎವಿ1ಗೂ ಇಲ್ಲ. 2023ರ ಆರಂಭದಲ್ಲಿ ಬಂದ ಇಂಟೆಲ್ ಎನ್100ಗೆ ಇರುವುದು ನಾಲ್ಕು ಪುಟ್ಟ ಕೋರ್, ಅದರ ಘೋಷಿತ ವಿದ್ಯುತ್ ಮಿತಿ 6 ವ್ಯಾಟ್. ಅದು ಈ ಎರಡನ್ನೂ 4ಕೆಯಲ್ಲಿ ನಿರಾಯಾಸವಾಗಿ ತೋರಿಸುತ್ತದೆ. ಹೆಸರಿನ ಹಿಂದಿನ ‘ಐ7’ ನೋಡಿ ದುಡ್ಡು ಕೊಟ್ಟವರು ಹಬ್ಬದ ದಿನ ನೆಂಟರ ಮುಂದೆ ತಡವರಿಸುವ ಚಿತ್ರ ನೋಡಬೇಕಾಗುತ್ತದೆ.

ಹೆಸರಿನ ಕೊನೆಯ ಅಕ್ಷರದ ಬಗ್ಗೆಯೂ ಎಚ್ಚರ ಬೇಕು. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಭಾಗವೇ ಇಲ್ಲವೆಂದರ್ಥ. ಐ3-12100ರಲ್ಲಿ ಎವಿ1ವರೆಗೆ ಎಲ್ಲವೂ ಇದೆ. ಐ3-12100ಎಫ್ ಸ್ವಲ್ಪ ಅಗ್ಗ, ಆದರೆ ಟಿವಿಗೆ ಚಿತ್ರ ಕಳಿಸಲು ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಎಎಂಡಿಯ ರೈಜೆನ್ 5 5600ಕ್ಕೂ 5600ಜಿಗೂ ಇದೇ ವ್ಯತ್ಯಾಸ, ಅಲ್ಲಿ ‘ಜಿ’ ಇದ್ದರೆ ಗ್ರಾಫಿಕ್ಸ್ ಇದೆ. 5600ಜಿಯಲ್ಲಿ ಎವಿ1 ಸರ್ಕ್ಯೂಟ್ ಇಲ್ಲವೆಂಬುದು ನಿಜ, ಆದರೂ ಅದರ ಆರು ಕೋರ್‌ಗಳು ಆ ಹೊರೆಯನ್ನು ಹೊರಬಲ್ಲವು, ತುಸು ಬಿಸಿಯಾಗಿ. ಎಲ್ಲಕ್ಕಿಂತ ದುಂದುವೆಚ್ಚವೆಂದರೆ ‘4ಕೆ ಬೇಕಲ್ವಾ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಬಿಡೋಣ’ ಎಂದು ಜಿಟಿ 710ನಂಥ ಕಾರ್ಡ್ ಸೇರಿಸುವುದು. ಅದು ಎಚ್‌ಇವಿಸಿ ಬಿಡಿಸುವುದಿಲ್ಲ, ಅದರ ಎಚ್‌ಡಿಎಂಐ 4ಕೆಯನ್ನು 30 ಹರ್ಟ್ಸ್‌ಗಿಂತ ಮೇಲೆ ಕಳಿಸುವುದಿಲ್ಲ. ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಅದಕ್ಕಿಂತ ಮೇಲಾಗಿದ್ದಾಗ ಈ ಕಾರ್ಡ್ ಹಾಕುವುದು ಕಾಸು ಕೊಟ್ಟು ಹಿಂದೆ ಹೋದಂತೆ.

ಪೋರ್ಟಿನ ವಿಷಯದಲ್ಲಿ ಮೋಸಹೋಗುವವರು ಇನ್ನೂ ಹೆಚ್ಚು, ಏಕೆಂದರೆ ಎಚ್‌ಡಿಎಂಐ ಕಿಂಡಿ ಹೊರನೋಟಕ್ಕೆ ಎಲ್ಲ ಕಾಲದಲ್ಲೂ ಒಂದೇ. 2009ರ ಎಚ್‌ಡಿಎಂಐ 1.4ರಲ್ಲಿ 4ಕೆ ಎಂದರೆ ಸೆಕೆಂಡಿಗೆ 30 ಫ್ರೇಮ್. 60 ಬೇಕೆಂದರೆ 2013ರ 2.0 ಬೇಕು. ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್‌ಗಳು ಹತ್ತನೇ ಪೀಳಿಗೆಯವರೆಗೂ ತಾವಾಗಿ ಕೊಡುತ್ತಿದ್ದದ್ದು 1.4 ಮಾತ್ರ, ಕೆಲವು ಬೋರ್ಡುಗಳಲ್ಲಿ ತಯಾರಕರೇ ಇನ್ನೊಂದು ಚಿಪ್ ಸೇರಿಸಿ 2.0 ಮಾಡಿಕೊಡುತ್ತಿದ್ದರು. ಕಚೇರಿಗಳಿಂದ ಹೊರಬಂದು ಮಾರುಕಟ್ಟೆಯಲ್ಲಿ ಸಿಗುವ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿಗಳಲ್ಲಿ ಎಂಟನೇ ಪೀಳಿಗೆಯ ಐ5-8500ಟಿ ಸಾಮಾನ್ಯ. ಆರು ಕೋರ್, 35 ವ್ಯಾಟ್, ಎಚ್‌ಇವಿಸಿ ಮತ್ತು ವಿಪಿ9 ಎರಡೂ ಸಲೀಸು, ಎವಿ1 ಇಲ್ಲ. ಇವುಗಳ ಎಚ್‌ಡಿಎಂಐಯನ್ನು ನೇರ 4ಕೆ ಟಿವಿಗೆ ಸಿಕ್ಕಿಸಿದರೆ 30 ಹರ್ಟ್ಸ್‌ನಲ್ಲಿ ಮೌಸ್ ಕೂಡ ಎಳೆದಾಡಿದ ಹಾಗೆ ಓಡುತ್ತದೆ. ದಾರಿ ಇದೆ: ಅದೇ ಯಂತ್ರದ ಡಿಸ್‌ಪ್ಲೇಪೋರ್ಟ್‌ಗೆ ಒಂದು ‘ಆ್ಯಕ್ಟಿವ್’ ಬಗೆಯ ಎಚ್‌ಡಿಎಂಐ 2.0 ಅಡಾಪ್ಟರ್ ಹಾಕಿದರೆ 60 ಹರ್ಟ್ಸ್ ಬರುತ್ತದೆ. ಸಾಧಾರಣ ಅಡಾಪ್ಟರ್ ಹಾಕಿದರೆ ಬರುವುದಿಲ್ಲ. ಟಿವಿಯ ಕಡೆಯೂ ಒಂದು ಕೆಲಸ ಉಂಟು. ಅನೇಕ ಟಿವಿಗಳಲ್ಲಿ ಪೂರ್ಣ ಪ್ರಮಾಣದ 4ಕೆ ಸಂಕೇತ ಸ್ವೀಕರಿಸಲು ಸೆಟ್ಟಿಂಗ್‌ನಲ್ಲಿ ಆಯಾ ಎಚ್‌ಡಿಎಂಐ ಕಿಂಡಿಯನ್ನು ‘ಎನ್‌ಹಾನ್ಸ್ಡ್’ ಎಂದು ಬದಲಿಸಬೇಕು. ಇನ್ನು ನಿಮ್ಮ ಟಿವಿ 1080ಪಿಯದ್ದಾದರೆ ಈ ಪ್ಯಾರಾವನ್ನೇ ಮರೆತುಬಿಡಿ. ನಿಮಗೆ ಈ ಯಾವ ತಾಪತ್ರಯವೂ ಇಲ್ಲ. ಟಿವಿಯಿಂದ ಹಿಂದಕ್ಕೆ ಎಣಿಸಿ ಎಂದದ್ದು ಇದಕ್ಕೇ.

ಶಬ್ದದ ವಿಷಯದಲ್ಲಿ ಒಂದು ಖರ್ಚನ್ನು ಪೂರ್ತಿ ಹೊಡೆದುಹಾಕಬಹುದು. ಎಚ್‌ಡಿಎಂಐಯಲ್ಲಿ ಧ್ವನಿ ಡಿಜಿಟಲ್ ರೂಪದಲ್ಲೇ ಹೋಗುವುದರಿಂದ ಬೇರೆ ಸೌಂಡ್ ಕಾರ್ಡ್ ಬೇಡ. ಟಿವಿಯಿಂದ ಸೌಂಡ್‌ಬಾರ್‌ಗೆ ಹೋಗುವ ಎಚ್‌ಡಿಎಂಐ ಸಂಪರ್ಕ ಹಳೆಯ ಎಆರ್‌ಸಿ ಬಗೆಯದಾಗಿದ್ದರೆ ಡಾಲ್ಬಿ ಡಿಜಿಟಲ್ ದಾಟುತ್ತದೆ, ಬ್ಲೂ-ರೇಯ ಟ್ರೂಎಚ್‌ಡಿ ದಾಟುವುದಿಲ್ಲ. ಅದಕ್ಕೆ ಇಎಆರ್‌ಸಿ ಬೇಕು, ಇಲ್ಲವೇ ಕಂಪ್ಯೂಟರನ್ನು ನೇರ ರಿಸೀವರ್‌ಗೆ ಜೋಡಿಸಬೇಕು.

ಇಷ್ಟು ಓದುವಷ್ಟರಲ್ಲಿ ನಿಮ್ಮಲ್ಲಿ ಕೆಲವರು ಕೇಳುತ್ತೀರಿ: ಮೂರ್ನಾಲ್ಕು ಸಾವಿರದ ಸ್ಟಿಕ್ ಟಿವಿಗೆ ಚುಚ್ಚಿದರೆ ಎಲ್ಲ ಬರುವಾಗ ಇದೆಲ್ಲ ಯಾಕೆ? ಇದು ಬಲವಾದ ಆಕ್ಷೇಪ, ಅರ್ಧದಷ್ಟು ನಾನು ಒಪ್ಪುತ್ತೇನೆ. ಒಟಿಟಿ ಬಿಟ್ಟು ಬೇರೇನೂ ನೋಡದವರು ಕಂಪ್ಯೂಟರ್ ಕೊಳ್ಳಲೇಬಾರದು. ಒಟಿಟಿ ಕಂಪನಿಗಳು ಕಂಪ್ಯೂಟರನ್ನು ನಂಬುವುದಿಲ್ಲ. ನೆಟ್‌ಫ್ಲಿಕ್ಸ್‌ನ 4ಕೆ ವಿಂಡೋಸ್‌ನಲ್ಲಿ ಎಡ್ಜ್ ಬ್ರೌಸರಿನಂಥ ಆಯ್ದ ದಾರಿಗಳಲ್ಲಷ್ಟೇ, ಅದೂ ಎಚ್‌ಡಿಸಿಪಿ 2.2 ಎಂಬ ನಕಲು ತಡೆ ಇರುವ ಪರದೆಗಷ್ಟೇ ಸಿಗುತ್ತದೆ, ಲಿನಕ್ಸ್ ಬ್ರೌಸರಿನಲ್ಲಿ ಸಿಗುವುದೇ ಇಲ್ಲ. ಅಗ್ಗದ ಸ್ಟಿಕ್ಕಿಗೆ ಸಿಗುವ ಚಿತ್ರದ ಗುಣಮಟ್ಟ ದುಬಾರಿ ಕಂಪ್ಯೂಟರಿಗೆ ಸಿಗದಿರುವ ವಿಚಿತ್ರ ಇದು. ಡಿಟಿಎಚ್ ವಾಹಿನಿಗಳನ್ನು ಟ್ಯೂನರ್ ಕಾರ್ಡ್ ಹಾಕಿ ಕಂಪ್ಯೂಟರಿಗೆ ತರುವ ಆಸೆಯೂ ಬೇಡ, ಖಾಸಗಿ ಡಿಟಿಎಚ್ ಸಂಕೇತಗಳು ಅವರವರ ಪೆಟ್ಟಿಗೆಗಳಲ್ಲೇ ತೆರೆಯುವಂತೆ ಬೀಗ ಹಾಕಿಕೊಂಡು ಬರುತ್ತವೆ. 4ಕೆ ಬ್ಲೂ-ರೇ ಡಿಸ್ಕ್ ಓಡಿಸುವ ಅಧಿಕೃತ ದಾರಿಯೂ ಹೊಸ ಕಂಪ್ಯೂಟರುಗಳಲ್ಲಿ ಮುಚ್ಚಿಹೋಗಿದೆ: ಅದಕ್ಕೆ ಬೇಕಿದ್ದ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯವನ್ನು ಇಂಟೆಲ್ ಹನ್ನೊಂದನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳಿಂದ ತೆಗೆದುಹಾಕಿತು. ಆ ಡಿಸ್ಕುಗಳ ಸಂಗ್ರಹ ಇರುವವರು ಪ್ಲೇಯರನ್ನೇ ಕೊಳ್ಳಬೇಕು.

ಒಪ್ಪದ ಇನ್ನರ್ಧ ಇದು. ಒಟಿಟಿಯಲ್ಲಿ ಇಲ್ಲದ್ದೇ ಎಷ್ಟೋ ಮನೆಗಳಲ್ಲಿ ಬೇಕಾದಷ್ಟಿದೆ. ಟೇಪಿನಿಂದ ಡಿಜಿಟಲ್‌ಗೆ ಇಳಿಸಿಕೊಂಡ ಮದುವೆ ವಿಡಿಯೊ, ಮೇಳದ ಆಟದ ರೆಕಾರ್ಡಿಂಗ್, ಹಳೆಯ ಕನ್ನಡ ಚಿತ್ರಗಳ ವಿಸಿಡಿ, ಡಿವಿಡಿ, ಹತ್ತು ಹದಿನೈದು ವರ್ಷದ ಫೋನ್ ವಿಡಿಯೊ. ಸ್ಟಿಕ್ಕಿನೊಳಗೆ ಇವನ್ನು ಇಡಲು ಜಾಗವಿಲ್ಲ. ಟಿವಿಗೇ ಪೆನ್‌ಡ್ರೈವ್ ಚುಚ್ಚಿದರೆ ಒಂದು ಫೈಲ್ ಓಡುತ್ತದೆ, ಇನ್ನೊಂದಕ್ಕೆ ಧ್ವನಿ ಬರುವುದಿಲ್ಲ, ಮತ್ತೊಂದರ ಕನ್ನಡ ಸಬ್‌ಟೈಟಲ್ ಬರೀ ಚೌಕಗಳಾಗಿ ಕಾಣುತ್ತದೆ. ಭಾರತದಲ್ಲಿ ತಯಾರಾದ ಹಳೆಯ ಡಿವಿಡಿ, ಕ್ಯಾಮೆರಾ ಚಿತ್ರಗಳು ಹೆಚ್ಚಾಗಿ ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಫ್ರೇಮ್, ಸಿನಿಮಾದ್ದು 24. ಎರಡನ್ನೂ 60 ಹರ್ಟ್ಸ್‌ನ ಪರದೆಗೆ ಹೊಂದಿಸುವಾಗ ಫ್ರೇಮುಗಳು ಏರುಪೇರಾಗಿ ಪುನರಾವರ್ತನೆಯಾಗಿ, ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಸಣ್ಣ ಅದುರು ಕಾಣುತ್ತದೆ. ಕೋಡಿಯಂಥ ತಂತ್ರಾಂಶ ಫೈಲಿಗೆ ತಕ್ಕಂತೆ ಟಿವಿಯನ್ನೇ 50 ಅಥವಾ 24 ಹರ್ಟ್ಸ್‌ಗೆ ಬದಲಿಸಿಕೊಳ್ಳುತ್ತದೆ. ಸ್ವಂತ ಸಂಗ್ರಹ ಇರುವವರಿಗೆ ಕಂಪ್ಯೂಟರ್ ಬೇಕಾಗುವುದು ಇಂಥ ಕೆಲಸಗಳಿಗೆ, ಇದರಲ್ಲಿ ಯಾವುದಕ್ಕೂ ದುಬಾರಿ ಪ್ರೊಸೆಸರ್ ಬೇಡ.

ಸಂಗ್ರಹವೇ ಮುಖ್ಯವಾದ ಮೇಲೆ ಹಣ ಹೋಗಬೇಕಾದದ್ದು ಅದನ್ನು ಇಡುವ ಜಾಗಕ್ಕೆ. ಡಿವಿಡಿಯೊಂದು ಹೆಚ್ಚೆಂದರೆ 8.5 ಜಿಬಿ, ಇನ್ನೂರು ಡಿವಿಡಿ ಇದ್ದರೂ 1.7 ಟಿಬಿ ದಾಟದು. ಸೆಕೆಂಡಿಗೆ 60 ಮೆಗಾಬಿಟ್‌ನ ಎರಡು ಗಂಟೆಯ 4ಕೆ ಫೈಲು 54 ಜಿಬಿ. ಈ ಲೆಕ್ಕದಲ್ಲಿ ಹೆಚ್ಚಿನವರಿಗೆ 4 ಟಿಬಿ ಹಾರ್ಡ್‌ಡಿಸ್ಕ್ ಧಾರಾಳ. ಇಲ್ಲಿ ವೇಗದ ಎಸ್‌ಎಸ್‌ಡಿ ಬೇಡವೇ ಎನ್ನುತ್ತೀರಿ. ತಿರುಗುವ ಸಾಮಾನ್ಯ ಡಿಸ್ಕ್ ಸೆಕೆಂಡಿಗೆ ನೂರು ಮೆಗಾಬೈಟಿಗೂ ಹೆಚ್ಚು ಓದುತ್ತದೆ, 4ಕೆ ಬ್ಲೂ-ರೇಯ ಗರಿಷ್ಠ ವೇಗವೇ ಅದಕ್ಕಿಂತ ಬಹಳ ಕಡಿಮೆ. ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ 256 ಜಿಬಿಯ ಸಣ್ಣ ಎಸ್‌ಎಸ್‌ಡಿ ಸಾಕು. ಮಿನಿ ಕಂಪ್ಯೂಟರುಗಳ ಒಳಗೆ ದೊಡ್ಡ 3.5 ಇಂಚಿನ ಡಿಸ್ಕ್ ಕೂರುವುದಿಲ್ಲ, ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಡಿಸ್ಕನ್ನು ಹೊರಗಿಡಬೇಕಾಗುತ್ತದೆ ಎಂಬುದನ್ನು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಡಿಸ್ಕನ್ನು ಬೇರೆ ಕೋಣೆಯಲ್ಲಿಟ್ಟು ಮನೆಯ ನೆಟ್‌ವರ್ಕಿನಲ್ಲಿ ತರುವವರು ಗಿಗಾಬಿಟ್ ತಂತಿ ಎಳೆಸಿ. ಎಷ್ಟೋ ಟಿವಿಗಳ ಲ್ಯಾನ್ ಕಿಂಡಿ 100 ಮೆಗಾಬಿಟ್‌ನದು, ದೊಡ್ಡ 4ಕೆ ಫೈಲುಗಳ ಏರಿನಲ್ಲಿ ಅದು ಸಾಲದು. ರ‍್ಯಾಮ್ 8 ಜಿಬಿ ಸಾಕು. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯಿಂದ ಮೆಮೊರಿ ಬೆಲೆ ಏರಿರುವಾಗ 16 ಜಿಬಿಗೆ ಕೈ ಹಾಕುವ ಕಾರಣವಿಲ್ಲ. ಉಳಿದ ಹಣಕ್ಕೆ ಎರಡನೆಯ ಡಿಸ್ಕ್ ತೆಗೆದುಕೊಂಡು ಮನೆಯ ವಿಡಿಯೊಗಳ ಇನ್ನೊಂದು ಪ್ರತಿ ಮಾಡಿ ಬೀರುವಿನಲ್ಲಿಡಿ. ಸಿನಿಮಾ ಮತ್ತೆ ಸಿಗುತ್ತದೆ, ಮದುವೆ ಸಿಗುವುದಿಲ್ಲ.

ಸದ್ದಿನ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತಾಡುವುದಿಲ್ಲ, ಎಸ್.ಪಿ. ರಸ್ತೆಯ ಗದ್ದಲದಲ್ಲಿ ಫ್ಯಾನಿನ ಸದ್ದು ಕೇಳಿಸುವುದೂ ಇಲ್ಲ. ರಾತ್ರಿ ಹತ್ತಕ್ಕೆ ಚಿತ್ರದಲ್ಲಿ ಇಬ್ಬರು ಪಿಸುಮಾತಾಡುವಾಗ ಕೇಳಿಸುತ್ತದೆ. ಸಣ್ಣ ಫ್ಯಾನ್ ಅಷ್ಟೇ ಗಾಳಿ ಹೊಡೆಯಲು ಹೆಚ್ಚು ಸುತ್ತಬೇಕು, ಆದ್ದರಿಂದ ಹೆಚ್ಚು ಕೂಗುತ್ತದೆ. ಕ್ಯಾಬಿನೆಟ್ಟಿನಲ್ಲಿ 120 ಮಿಲಿಮೀಟರಿನ ಒಂದು ನಿಧಾನದ ಫ್ಯಾನ್ ಎರಡು ಪುಟ್ಟ ಫ್ಯಾನುಗಳಿಗಿಂತ ಮೇಲು. ಎನ್100 ಕೂರಿಸಿದ ಮದರ್‌ಬೋರ್ಡುಗಳು ಫ್ಯಾನೇ ಇಲ್ಲದೆ, ಬರೀ ಹೀಟ್‌ಸಿಂಕ್‌ನೊಂದಿಗೆ ಸಿಗುತ್ತವೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯೆಂಬಂತೆ ಕೊಡುವ ಎಸ್‌ಎಂಪಿಎಸ್ ಬೇಡವೆನ್ನಿ, ಹೆಸರುಳ್ಳ ಕಂಪನಿಯ ಸಣ್ಣದನ್ನು ತೆಗೆದುಕೊಳ್ಳಿ. ಕರೆಂಟು ಏರಿಳಿಯುವ ಊರುಗಳಲ್ಲಿ ಮೊದಲು ಸಾಯುವುದು ಅದೇ, ಸಾಯುವಾಗ ಡಿಸ್ಕನ್ನೂ ಜೊತೆಗೆ ಕರೆದೊಯ್ಯುವುದುಂಟು. ಒಂದು ಸಣ್ಣ ಯುಪಿಎಸ್ ಕೂಡ ಇದೇ ಲೆಕ್ಕದಲ್ಲಿ ಬರುತ್ತದೆ. ಇನ್ನು ವಿದ್ಯುತ್ ಖರ್ಚು. ದಿನವಿಡೀ ಆನ್ ಇರುವ ಯಂತ್ರ 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್, 10 ವ್ಯಾಟ್ ಎಳೆದರೆ 7. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಈ 36 ಯೂನಿಟ್‌ನ ವ್ಯತ್ಯಾಸ ಸಣ್ಣದಲ್ಲ, ಮಿತಿ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.

‘ಹೇಗೂ ಕೊಳ್ಳುತ್ತಿದ್ದೇವೆ, ಐದು ವರ್ಷಕ್ಕೆ ಆಗುವಂಥ ಬಲವಾದದ್ದೇ ಇರಲಿ’ ಎಂಬುದು ಇನ್ನೊಂದು ಆಕ್ಷೇಪ. ಮೇಲಿನ ಐ7 ಉದಾಹರಣೆಯೇ ಇದಕ್ಕೆ ಉತ್ತರ. ಅದನ್ನು ಹಳತಾಗಿಸಿದ್ದು ಬಲದ ಕೊರತೆಯಲ್ಲ, ಅದು ಹುಟ್ಟಿದ ವರ್ಷವೇ ರೂಪುಗೊಂಡ ಹೊಸ ಕೋಡೆಕ್. ಮುಂದಿನ ಕೋಡೆಕ್ ಬಂದಾಗಲೂ ಹೀಗೇ ಆಗುತ್ತದೆ. ಆಗ ಮೂವತ್ತು ಸಾವಿರದ ಯಂತ್ರವೂ ಹದಿನೈದು ಸಾವಿರದ ಯಂತ್ರವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಈಗ ಉಳಿಸಿದ ಹಣವೇ ನಾಳೆಯ ಯಂತ್ರಕ್ಕೆ ಮುಂಗಡ. ಗೇಮಿಂಗ್ ಕೂಡ ಬೇಕು ಎನ್ನುವವರಿಗೆ ಈ ಪತ್ರ ಅನ್ವಯಿಸುವುದಿಲ್ಲ, ಅವರು ಕೊಳ್ಳುತ್ತಿರುವುದು ಗೇಮಿಂಗ್ ಕಂಪ್ಯೂಟರ್. ಅದು ಸಿನಿಮಾವನ್ನೂ ತೋರಿಸುತ್ತದೆ ಅಷ್ಟೆ. ರಾಸ್ಪ್‌ಬೆರಿ ಪೈ ಇನ್ನೂ ಅಗ್ಗವಲ್ಲವೇ ಎಂದರೆ, ಪೈ 5 ಎಚ್‌ಇವಿಸಿಯನ್ನು ಸರ್ಕ್ಯೂಟಿನಲ್ಲೇ ಬಿಡಿಸುತ್ತದೆ, ಟಿವಿ ರಿಮೋಟಿನ ಮಾತನ್ನೂ ಎಚ್‌ಡಿಎಂಐ ಮೂಲಕ ಕೇಳುತ್ತದೆ. ಮಾಮೂಲಿ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಕೇಳುವುದಿಲ್ಲ, ಅವಕ್ಕೆ ಒಂದು ವೈರ್‌ಲೆಸ್ ರಿಮೋಟ್ ಬೇಕು. ಆದರೆ ಪೈಯಲ್ಲಿ ಎವಿ1 ಸರ್ಕ್ಯೂಟ್ ಇಲ್ಲ, ಕೇಸು, ಅಡಾಪ್ಟರ್, ಕಾರ್ಡು ಎಲ್ಲ ಸೇರಿಸಿದಾಗ ಬೆಲೆಯ ಅಂತರವೂ ಕರಗುತ್ತದೆ.

ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ಮೈಕ್ರೋಸಾಫ್ಟ್ ತನ್ನ ಮೀಡಿಯಾ ಸೆಂಟರನ್ನು 2015ರ ವಿಂಡೋಸ್ 10ರಲ್ಲೇ ಕೈಬಿಟ್ಟಿತು. ಎಕ್ಸ್‌ಬಾಕ್ಸ್‌ಗೆಂದು ಹುಟ್ಟಿ 2014ರಲ್ಲಿ ಹೆಸರು ಬದಲಿಸಿಕೊಂಡ ಕೋಡಿ ಇಂದಿಗೂ ಉಚಿತ. ಅದೊಂದನ್ನೇ ಓಡಿಸಲು ಕಟ್ಟಿದ ಲಿಬ್ರೆಇಎಲ್‌ಇಸಿ ಪೆನ್‌ಡ್ರೈವಿನಿಂದಲೂ ಏಳುತ್ತದೆ. ವಿಂಡೋಸೇ ಬೇಕೆನ್ನುವವರು ನೆನಪಿಡಿ: ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆಯಾದರೂ ಬೇಕು. ಆರನೇ, ಏಳನೇ ಪೀಳಿಗೆಯ ಯಂತ್ರಗಳು ಅಗ್ಗಕ್ಕೆ ರಾಶಿ ಬಿದ್ದಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಯಾವುದು? ನನ್ನ ತೀರ್ಪು ಹೀಗಿದೆ. 4ಕೆ ಟಿವಿ ಇದ್ದು ಯೂಟ್ಯೂಬೂ ನೋಡುವವರು ಎನ್100 ಅಥವಾ ಅದರ ಸಮಾನದ ಹೊಸ ಮಿನಿ ಯಂತ್ರ ಕೊಳ್ಳಲಿ. ಸ್ವಂತ ಸಂಗ್ರಹವಷ್ಟೇ ಮುಖ್ಯ ಎನ್ನುವವರಿಗೆ ಎಂಟನೇ ಪೀಳಿಗೆಯ ಕಚೇರಿ ಮಿನಿ ಯಂತ್ರ, ಜೊತೆಗೆ ಆ ಡಿಸ್‌ಪ್ಲೇಪೋರ್ಟ್ ಅಡಾಪ್ಟರ್ ಸಾಕು. ಸೆಕೆಂಡ್‌ಹ್ಯಾಂಡ್ ಎಂಬ ಹಿಂಜರಿಕೆ ಇದ್ದರೆ ಎಸ್‌ಎಸ್‌ಡಿಯನ್ನು ಮಾತ್ರ ಹೊಸದು ಹಾಕಿಸಿ, ಉಳಿದದ್ದರಲ್ಲಿ ಸವೆಯುವ ಭಾಗ ಫ್ಯಾನ್ ಬಿಟ್ಟರೆ ಹೆಚ್ಚಿಲ್ಲ. ಬಿಡಿಭಾಗ ಜೋಡಿಸಿಯೇ ಮಾಡುತ್ತೇನೆ, ಡಿಸ್ಕುಗಳು ಒಳಗೇ ಇರಬೇಕು ಎನ್ನುವವರಿಗೆ ಐ3-12100. ಅದಕ್ಕಿಂತ ಮೇಲೆ ಹೋಗಬೇಡಿ.

ಕೊಳ್ಳುವ ದಿನ ಒಂದು ಪೆನ್‌ಡ್ರೈವಿನಲ್ಲಿ ನಿಮ್ಮವೇ ಮೂರು ಫೈಲು ಒಯ್ಯಿರಿ: ಒಂದು ಹಳೆಯ ಡಿವಿಡಿಯದ್ದು, ಒಂದು ಫೋನಿನ 4ಕೆ ವಿಡಿಯೊ, ಒಂದು 10 ಬಿಟ್ ಎಚ್‌ಇವಿಸಿ. ಅಂಗಡಿಯಲ್ಲೇ ಓಡಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ಗೆರೆ ನೋಡಿ. ಅದು ಏರಿ, ಪ್ರೊಸೆಸರಿನ ಗೆರೆ ತಳದಲ್ಲೇ ಇದ್ದರೆ ಹಣ ಕೊಡಿ. ಓಡಿಸಿ ತೋರಿಸಲು ಅಂಗಡಿಯವರು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ಅಂಗಡಿಗಳಿಗೆ ಬರವಿಲ್ಲ.